ತೇಲುವ ಕೋಟು

ಸೋಫಾ ರಿಪೇರಿ ಅಂಗಡಿಯಲ್ಲಿ ಬೆಳೆದ ನಾಯಿಗೆ ನೆಲದ ಮೇಲೆ ಮಲಗುವ ಅಭ್ಯಾಸ ಎಲ್ಲಿಂದ ಬರಬೇಕು? ಗಿರಾಕಿಗಳು ತಂದಿಳಿಸಿದ ಸೋಫಾಗಳನ್ನೆಲ್ಲ ಒಂದೊಂದಾಗಿ ಹತ್ತಿ ಪರೀಕ್ಷಿಸಿ, ಎಲ್ಲಕ್ಕಿಂತ ಮೆತ್ತಗಿರುವುದನ್ನು ಆರಿಸಿಕೊಂಡು, ಅದು ನಾಲ್ಕೂ ಕಾಲು ಚಾಚಿ ಮಲಗುತ್ತಿತ್ತು. ಎಬ್ಬಿಸಲು ಹೋದವರನ್ನು ಒಂದೇ ಕಣ್ಣು ತೆರೆದು ನೋಡಿ, ಅರ್ಜಿ ವಜಾ ಎನ್ನುವಂತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅದಕ್ಕೆ ದೊರೆ ಎಂದೇ ಹೆಸರು ಬಿತ್ತು.

ಅಂಗಡಿ ಸೊಸೆಯದು, ನಾಯಿ ಅತ್ತೆಯದು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಎನ್ನುವವನು ಲಾರಿಯ ಮೇಲೆ ಊರೂರು ತಿರುಗುತ್ತ, ಯಾವಾಗಲೋ ಬಂದು ಬಟ್ಟೆ ಒಗೆಯಲು ಹಾಕಿ ಮತ್ತೆ ಹೊರಡುವವನು. ಆದ್ದರಿಂದ ಮನೆಯಲ್ಲಿ ಉಳಿದವರು ಈ ಮೂವರೇ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಸೊಸೆಯ ಕಾಲ ಮಾತ್ರ ದಾರಿ ತಪ್ಪಿ ಬೇರೆ ಯಾರದೋ ಮನೆಗೆ ಹೋಗಿರಬೇಕು. ಹಾಗಂತ ಅತ್ತೆ ಬಾಯಿ ಮಾಡುವವಳಲ್ಲ, ಅದನ್ನು ಒಪ್ಪಲೇಬೇಕು. ಬೈಗುಳ ಆ ಬಾಯಲ್ಲಿ ಬರುತ್ತಿರಲಿಲ್ಲ. ಆದರೆ ‘ಸಾಕು’ ಎಂಬ ಮಾತೂ ಬರುತ್ತಿರಲಿಲ್ಲ. ಚಹಾ ಕೊಟ್ಟರೆ “ಇನ್ನೊಂಚೂರು ಸಕ್ಕರೆ.” ಕಿಟಕಿ ಒರೆಸಿದರೆ “ಆ ಮೂಲೇಲಿ ಇನ್ನೊಂದ್ಸಲ.” ದಿಂಬಿಗೆ ಹತ್ತಿ ತುಂಬಿದರೆ, ಒತ್ತಿ ನೋಡಿ, “ಇನ್ನೊಂದು ಹಿಡಿ ಹಿಡಿಸುತ್ತೆ.” ಸೊಸೆ ಮರುಮಾತಿಲ್ಲದೆ ಇನ್ನೊಂದು ಹಿಡಿ ತುಂಬುತ್ತಿದ್ದಳು. ಕೇಳುವವರು ಕೇಳುತ್ತಲೇ ಇದ್ದರು, ಮಾಡುವವಳು ಮಾಡುತ್ತಲೇ ಇದ್ದಳು. ಇಂಥ ಮನೆಗಳಲ್ಲಿ ಜಗಳವಾಗುವುದಿಲ್ಲ, ಅದಕ್ಕೇ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಹಿಂದಿನ ವರ್ಷ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಕಾಲು ಹೇಗೋ ಸುಧಾರಿಸಿಕೊಂಡಿತು, ಮಾತಂತೂ ಒಂದು ದಿನವೂ ರಜೆ ಹಾಕಲಿಲ್ಲ. ಬಲಗೈ ಮಾತ್ರ ಮುನಿಸಿಕೊಂಡು ಮಡಿಲಲ್ಲೇ ಕೂತುಬಿಟ್ಟಿತು. ಫಿಸಿಯೋ ಹುಡುಗಿ ಮನೆಗೆ ಬಂದು ರಬ್ಬರ್ ಚೆಂಡೊಂದನ್ನು ಕೊಟ್ಟು, “ಗೋಡೆಗೆ ಎಸೀತಾ ಇರಿ ಅಜ್ಜಿ” ಎಂದಳು. ಅಜ್ಜಿ ಅನ್ನಿಸಿಕೊಂಡದ್ದಕ್ಕೋ ಗೋಡೆಯ ಜೊತೆ ಆಡಲು ಹೇಳಿದ್ದಕ್ಕೋ, ಅತ್ತೆ ಆ ಚೆಂಡನ್ನು ಹೂವಿನ ಕುಂಡದ ಹಿಂದೆ ದಬ್ಬಿ, ಕಳೆದುಹೋಯಿತು ಎಂದು ಸಾರಿದಳು.

ಆಮೇಲೊಂದು ಸಂಜೆ ಊರಂಚಿನ ಕೆರೆಯ ಹತ್ತಿರ ಸೊಸೆ ಅವಳನ್ನು ನಿಧಾನ ನಡೆಸುತ್ತಿದ್ದಾಗ, ದೊರೆ ಎಲ್ಲಿಂದಲೋ ಒಂದು ಕೋಲು ಕಚ್ಚಿ ತಂದು ಅತ್ತೆಯ ಪಾದದ ಬಳಿ ಇಟ್ಟಿತು. ಅವಳ ಎಡಗೈಯಲ್ಲಿ ಊರುಗೋಲಿತ್ತು. ಬಾಲ ಬೀಸುತ್ತ ನಿಂತ ನಾಯಿಯನ್ನು ನಿರಾಸೆಗೊಳಿಸಲಾರದೆ ಅತ್ತೆ ಬಲಗೈಯಲ್ಲೇ ಕೋಲನ್ನೆತ್ತಿ ನೀರಿನತ್ತ ಎಸೆದಳು. ಅದು ಅವಳ ಚಪ್ಪಲಿಯ ಪಕ್ಕದಲ್ಲೇ ಬಿತ್ತು. ಆದರೇನು, ಎಸೆದದ್ದು ಎಸೆದದ್ದೇ. ಫಿಸಿಯೋ ಹುಡುಗಿ ಕೇಳಿ ಕುಣಿದಾಡಿದಳು. “ಇದಕ್ಕಿಂತ ವ್ಯಾಯಾಮ ಇಲ್ಲ. ಎಷ್ಟು ಎಸೀತಾರೋ ಅಷ್ಟು ಎಸೀಲಿ.”

ಅಲ್ಲಿಂದ ದಿನವೂ ಕೆರೆ. ದೋಣಿ ಇಳಿಸಲು ಕಟ್ಟಿದ ಸಿಮೆಂಟಿನ ಇಳಿಜಾರೊಂದಿತ್ತು, ಅಲ್ಲಿ ನಿಂತು ಅತ್ತೆ ಎಸೆಯುವಳು, ದೊರೆ ಈಜಿ ತರುವುದು. ತೊಡಕು ಏನೆಂದರೆ, ದೊರೆಗಳು ಬೇಗ ದಣಿಯುತ್ತಿದ್ದರು. ಅತ್ತೆಯ ಕೀಲು ಆಗಷ್ಟೇ ಬಿಸಿಯಾಗಿ ಕೈ ಸಡಿಲಗೊಳ್ಳುವ ಹೊತ್ತಿಗೆ ನಾಯಿ ದಡ ಹತ್ತಿ, ಮೈ ಕೊಡವಿ, ಕೋಲಿನ ಮೇಲೆಯೇ ಮಲಗಿಬಿಡುತ್ತಿತ್ತು. ಕಿತ್ತುಕೊಳ್ಳಲು ಹೋದರೆ ಆಸ್ತಿಪಾಸ್ತಿಯ ವಿಷಯ ಎನ್ನುವ ಹಾಗೆ ಗುರ್ ಎನ್ನುತ್ತಿತ್ತು.

“ಸೋಮಾರಿ” ಎಂದಳು ಅತ್ತೆ. “ಇನ್ನೊಂದು ಸ್ವಲ್ಪ ಹೊತ್ತು ಆಡಿದ್ರೆ ಇದರ ಗಂಟೇನು ಹೋಗ್ತಿತ್ತು?”

ಸೊಸೆಗೆ ಹೊಳೆದದ್ದು ಆಗಲೇ. ನಾಯಿಯನ್ನು ನೀರೇ ಎತ್ತಿ ಹಿಡಿಯುವಂತಾದರೆ? ಅಂಗಡಿಯಲ್ಲಿ ಬಟ್ಟೆಯುಂಟು, ಬೆಲ್ಟುಂಟು, ಸ್ಪಂಜುಂಟು. ಅಂದೇ ಕೂತು ಒಂದು ಕೋಟು ಹೊಲಿದಳು. ಮೊದಲನೆಯ ಕೋಟಿನ ಕತೆ ಕೇಳಬೇಡಿ. ಸೋಫಾಕ್ಕೆ ಹಾಕುವ ದಪ್ಪ ಸ್ಪಂಜನ್ನೇ ಧಾರಾಳವಾಗಿ ತುಂಬಿದ್ದಳು. ದೊರೆ ನೀರಿಗಿಳಿದು ನಾಲ್ಕು ಮಾರು ಹೋಗುವಷ್ಟರಲ್ಲಿ ಸ್ಪಂಜು ಕೆರೆಯ ನೀರನ್ನೆಲ್ಲ ಹೀರಿ, ನಾಯಿ ಗಲ್ಲದವರೆಗೆ ಮುಳುಗಿತು. ಸೊಸೆ ಸೀರೆ ಸಮೇತ ನೀರಿಗೆ ಹಾರಿ ಎಳೆದು ತಂದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಕಲ್ಲು ಕಟ್ಟಿ ಬಿಟ್ಟಿದ್ರೆ ಇಷ್ಟೆಲ್ಲ ಹೊಲಿಯೋ ಕಷ್ಟ ಇರಲಿಲ್ಲವಲ್ಲೇ!”

ಎರಡನೆಯದಕ್ಕೆ ಅವಳು ನೀರು ಹೀರದ ಬಿಗಿ ಫೋಮ್ ಹುಡುಕಿ ತಂದಳು, ಫ್ರಿಜ್ಜು ಗಿಜ್ಜುಗಳನ್ನು ಪ್ಯಾಕ್ ಮಾಡಲು ಬಳಸುವಂಥದ್ದು. ಮೇಲೆ ಕಿತ್ತಳೆ ಬಣ್ಣದ ಮಳೆಬಟ್ಟೆ. ಬೆನ್ನ ಮೇಲೆ ಎತ್ತಿ ಹಿಡಿಯಲು ಗಟ್ಟಿ ಹಿಡಿಕೆ, ಅದಕ್ಕೆ ಎರಡು ಸಾಲು ಹೊಲಿಗೆ. ಹೊಟ್ಟೆಯ ಕೆಳಗಿನ ಪಟ್ಟಿಯನ್ನು ತನ್ನ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಟ್ಟಳು. ಬಿಗಿಯಾದರೆ ಉಸಿರು ಕಟ್ಟೀತು, ತೀರಾ ಸಡಿಲವಾದರೆ ಜಾರೀತು. ಗಾದಿ ಹೊಲಿಯುವವರಿಗೆ ಬೆರಳೇ ಅಳತೆಪಟ್ಟಿ.

ದೊರೆ ಅದನ್ನು ತೊಟ್ಟು ನೀರಿಗಿಳಿದರೆ ಹಲಗೆಯ ಹಾಗೆ ತೇಲಿತು. ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ, “ಚೆನ್ನಾಗಿ ಮಾಡಿದೀಯ” ಎಂದಳು.

ಇಷ್ಟೇ ಮಾತು. ಮದುವೆಯಾಗಿ ಬಂದಂದಿನಿಂದ ಸೊಸೆ ಹೊಲಿದ, ಬೇಯಿಸಿದ, ಒರೆಸಿದ ಯಾವುದಕ್ಕೂ ಸಿಗದ ಮಾತು ಒಂದು ನಾಯಿಯ ಕೋಟಿಗೆ ಸಿಕ್ಕಿತು. ಆ ರಾತ್ರಿ ಒಲೆಯ ಮುಂದೆ ನಿಂತು ಅವಳು ಒಬ್ಬಳೇ ನಗುತ್ತಿದ್ದಳು. ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

ಕೋಟು ಬಂದ ಮೇಲೆ ಕೈ ಬೇಗ ಬೇಗ ಗುಣವಾಗತೊಡಗಿತು. ಅತ್ತೆ ತಾನೇ ತಲೆ ಬಾಚಿಕೊಂಡಳು, ಒಂದು ಬೆಳಿಗ್ಗೆ ಮೇಲಿನ ಗೂಡಿನಿಂದ ಸಕ್ಕರೆ ಡಬ್ಬವನ್ನೂ ಇಳಿಸಿಕೊಂಡಳು. ದೊರೆ ಈಗ ದಣಿದು ದಡ ಹತ್ತುತ್ತಿರಲಿಲ್ಲ. ಎಸೆದಷ್ಟು ಸಲವೂ ಹೋಗುತ್ತಿತ್ತು, ತರುತ್ತಿತ್ತು. ಎಲ್ಲರೂ ಇದನ್ನು ಕೋಟಿನ ಗೆಲುವು ಎಂದುಕೊಂಡರು. ಮೊದಲು ತನಗೆ ಸಾಕಾದಾಗ ನಾಯಿ ತಾನೇ ಬಂದು ಮಲಗುತ್ತಿತ್ತಲ್ಲ, ಆ ಮಲಗುವುದು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ.

ಆ ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಯ ವ್ಯಾನಿನ ಹಿಂಭಾಗದಲ್ಲಿ ಹಲ್ಲಿನ ಡಾಕ್ಟರರ ಬಿಳಿ ಸೋಫಾ ಇತ್ತು, ಹೊಸ ಹೊದಿಕೆ ಹಾಕಿ ಮರುದಿನ ತಲುಪಿಸಬೇಕಾದದ್ದು. ಸೊಸೆ ವ್ಯಾನಿನ ಹಿಂಬಾಗಿಲ ಮೇಲೆ ಕೂತು ಬೇರೊಬ್ಬರ ದಿಂಬಿಗೆ ಗುಂಡಿ ಹೊಲಿಯುತ್ತಿದ್ದಳು. ಸುಮ್ಮನೆ ಕೂತು ನೀರು ನೋಡುವುದು ಅವಳ ಜಾಯಮಾನದಲ್ಲಿ ಇರಲಿಲ್ಲ. ಕುಂಡದ ಹಿಂದೆ ‘ಕಳೆದುಹೋಗಿದ್ದ’ ಚೆಂಡು ಅಂದು ಅತ್ತೆಯ ಚೀಲದಿಂದ ಹೊರಬಂದಿತ್ತು, ಕೋಲಿಗಿಂತ ದೂರ ಹೋಗುತ್ತದೆಂದು. ದಪ್ಪ ಚೆಂಡು. ಅದನ್ನು ಕಚ್ಚಲು ದೊರೆ ಬಾಯನ್ನು ಪೂರ್ತಿ ತೆರೆಯಬೇಕಾಗುತ್ತಿತ್ತು, ಕಚ್ಚಿಕೊಂಡು ಬರುವಾಗಲೂ ಬಾಯಿ ತೆರೆದೇ ಇರುತ್ತಿತ್ತು.

“ಇನ್ನೊಂದ್ಸಲ ದೊರೆ!” ಎನ್ನುತ್ತಿದ್ದಳು ಅತ್ತೆ. ಅವಳ ಕೈ ಅಂದು ಹೆಗಲು ದಾಟಿ ಮೇಲೆ ಹೋಗುತ್ತಿತ್ತು. ಪಾರ್ಶ್ವವಾಯುವಿನ ನಂತರ ಅದೇ ಮೊದಲು. “ನೋಡಿದ್ಯೇನೇ? ಇನ್ನೊಂದು, ಇನ್ನೊಂದೇ ಒಂದು!”

ನಾಯಿ ನಿಧಾನವಾಗುತ್ತಿದ್ದುದನ್ನು ಸೊಸೆ ಕಂಡಿದ್ದಳು. ಚೆಂಡಿನ ಪಕ್ಕದಲ್ಲೇ ಹಾದು ಹೋಗಿ, ಮರೆತವರಂತೆ ಸುತ್ತು ಹಾಕಿ ಮತ್ತೆ ಬರುತ್ತಿತ್ತು. ಹೇಳೋಣ ಅನ್ನಿಸಿತು. ಆದರೆ ಅತ್ತೆಯ ಮುಖದ ಮೇಲಿನ ಆ ಖುಷಿಗೆ ಹೇಗೆ ಅಡ್ಡ ಬರುವುದು? ದಾರ ಕಚ್ಚಿ ಕತ್ತರಿಸಿ ಇನ್ನೊಂದು ಗುಂಡಿ ತೆಗೆದುಕೊಂಡಳು.

ದೊರೆ ದಡಕ್ಕೆ ಬಂದಾಗ ಚೆಂಡು ಬಾಯಿಂದ ತಾನಾಗಿ ಬಿತ್ತು. ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ ಹೊರಟವು. ಎರಡು ಹೆಜ್ಜೆ ಇಟ್ಟು ಕುಸಿಯಿತು, ಗಳಗಳನೆ ನೀರು ಕಾರಿತು, ಜೊಲ್ಲು ನೂಲಿನಂತೆ ಇಳಿಯಿತು. ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ.

“ಬಿಸಿಲು ಹೊಡೆದಿದೆ” ಎಂದಳು ಅತ್ತೆ. “ನೀರು ಕುಡಿಸೇ. ಬೇಗ.”

ಸೊಸೆ ಬಾಟಲಿ ಹಿಡಿದು ಓಡಿ ಬಂದಳು. ಹೇಳಿದ್ದನ್ನು ಮಾಡುವ ಕೈ, ಆಗಲೇ ಮುಚ್ಚಳ ತಿರುಗಿಸಿತ್ತು. ನಾಯಿಗೆ ಉಸಿರಾಡಲು ಸಲೀಸಾಗಲಿ ಎಂದು ಇನ್ನೊಂದು ಕೈಯಿಂದ ಹೊಟ್ಟೆಯ ಪಟ್ಟಿ ಸಡಿಲಿಸಲು ಹೋದಳು. ಬೆರಳು ತೂರಲಿಲ್ಲ. ಎರಡು ಬೆರಳಿನ ಜಾಗ ಬಿಟ್ಟ ಪಟ್ಟಿ, ಒಂದು ಬೆರಳೂ ಹೋಗದಷ್ಟು ಬಿಗಿದಿತ್ತು. ಪಟ್ಟಿ ಕುಗ್ಗಿರಲಿಲ್ಲ, ಅದು ಅವಳಿಗೆ ಗೊತ್ತು, ಆ ಬಟ್ಟೆ ಕುಗ್ಗುವಂಥದ್ದಲ್ಲ. ಹೊಟ್ಟೆ ಉಬ್ಬಿತ್ತು. ಒತ್ತಿದರೆ ತುಂಬಿ ತುಂಬಿ ಹೊಲಿಗೆ ಬಿಡಲಿರುವ ದಿಂಬಿನ ಹಾಗಿತ್ತು. ಮೊದಲ ಕೋಟಿನ ಸ್ಪಂಜು ಅವಳ ನೆನಪಿಗೆ ಬಂತು. ಈ ಸಲ ಕೋಟು ನೀರು ಹೀರಿರಲಿಲ್ಲ, ನಾಯಿಯೇ ಹೀರಿತ್ತು.

ಅವಳು ಥಟ್ಟನೆ ಬಾಟಲಿ ದೂರ ಸರಿಸಿದಳು.

“ಕುಡಿಸೇ ಅಂದ್ರೆ!” ಅತ್ತೆ ಕೂಗಿದಳು. “ಇನ್ನೊಂದು ಗುಟುಕು...”

“ಸಾಕು ಅತ್ತೆ!”

ಆ ದನಿ ತನ್ನದೇ ಎಂದು ಸೊಸೆಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಅತ್ತೆ ಎತ್ತಿದ ಕೈ ಎತ್ತಿದಂತೆಯೇ ನಿಂತಳು.

“ಹೊಟ್ಟೆ ತುಂಬ ನೀರಿದೆ ಅತ್ತೆ. ಇನ್ನು ಒಂದು ಹನೀನೂ ಬೇಡ. ವ್ಯಾನ್ ಹತ್ತಿ.”

ಒಂದು ಕೈಯಲ್ಲಿ ಕೋಟಿನ ಹಿಡಿಕೆ, ನಾಯಿಯ ಎದೆಯ ಕೆಳಗೆ ಇನ್ನೊಂದು ಕೈ. ಹಾಗೆ ಎತ್ತಿ, ವ್ಯಾನಿನಲ್ಲಿದ್ದ ಹಲ್ಲಿನ ಡಾಕ್ಟರರ ಬಿಳಿ ಸೋಫಾದ ಮೇಲೆ ಮಲಗಿಸಿದಳು. ಯಾವಾಗಲೂ ಎಲ್ಲಕ್ಕಿಂತ ಮೆತ್ತಗಿನದನ್ನು ಆರಿಸಿಕೊಳ್ಳುತ್ತಿದ್ದ ದೊರೆಗೆ ಅಂದು ಅದರ ಅರಿವೂ ಇರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ ನಾಯಿ ಆ ಬಿಳಿ ಬಟ್ಟೆಯ ಮೇಲೆ ಕೆರೆಯನ್ನು ಕಾರುತ್ತ ಬಂತು. ವ್ಯಾನ್ ಓಡಿಸುತ್ತಿದ್ದ ಸೊಸೆಗೆ ಹಿಂದಿನಿಂದ ಅತ್ತೆಯ ದನಿ ಒಂದೂ ಕೇಳಲಿಲ್ಲ. ಆ ಬಾಯಿ ಸುಮ್ಮನಿದ್ದುದೇ ಸೊಸೆಯನ್ನು ಎಲ್ಲಕ್ಕಿಂತ ಹೆದರಿಸಿತು. ನಾಯಿ ಹೋದರೆ ಅದರ ಹಿಂದೆಯೇ ಅತ್ತೆಯೂ ಹೋಗುತ್ತಾಳೆ, ಉಸಿರಾಡುತ್ತಲೇ ಹೋಗುತ್ತಾಳೆ ಎಂದು ಅವಳಿಗೆ ಖಾತ್ರಿಯಿತ್ತು.

ಪ್ರಾಣಿಗಳ ಡಾಕ್ಟರು ಕ್ಲಿನಿಕ್ಕಿನ ಹಿಂದಿನ ಮನೆಯಲ್ಲೇ ಇರುವವರು. ಭಾನುವಾರದ ಬನಿಯನ್ನಿನಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದವರು ಪೈಪ್ ಅಲ್ಲೇ ಬಿಸಾಕಿ ಬಂದರು. ಮೇಜಿನ ಮೇಲೆ ಮಲಗಿಸುತ್ತಿದ್ದಂತೆ ನಾಯಿಯ ಕಾಲುಗಳು ಸೆಟೆದುಕೊಂಡು ಮೈಯೆಲ್ಲ ಅದುರತೊಡಗಿತು.

“ಎಷ್ಟು ಹೊತ್ತು ನೀರಲ್ಲಿತ್ತು?”

“ತುಂಬಾ ಹೊತ್ತು” ಎಂದಳು ಸೊಸೆ. “ತಪ್ಪು ನಂದು. ಮುಳುಗದ ಹಾಗೆ ಕೋಟು ಹೊಲಿದುಕೊಟ್ಟವಳು ನಾನು.”

“ಎಸೆದವಳು ನಾನು” ಎಂದಳು ಅತ್ತೆ. “ಅವಳ ಮಾತು ಕೇಳ್ಬೇಡಿ.”

“ಯಾರದು ಅಂತ ಆಮೇಲೆ ಹಂಚ್ಕೊಳ್ಳಿ” ಎಂದರು ಡಾಕ್ಟರು. “ಈಗ ಒಬ್ರು ತಲೆ ಹಿಡೀರಿ, ಒಬ್ರು ಕಾಲು ಹಿಡೀರಿ.”

ಸೂಜಿ ಚುಚ್ಚಿ, ಅದುರುವುದು ನಿಂತ ಮೇಲೆ, ಡ್ರಿಪ್ಪಿನ ಹನಿ ಸರಿಪಡಿಸುತ್ತ ಅವರು ಹೇಳಿದರು. ಬಾಯಿ ತೆರೆದು ಮತ್ತೆ ಮತ್ತೆ ಈಜಿದರೆ ನಾಯಿ ತನಗೇ ಗೊತ್ತಿಲ್ಲದೆ ನೀರು ನುಂಗುತ್ತದೆ. ನುಂಗಿದ ನೀರು ರಕ್ತದ ಉಪ್ಪನ್ನು ತೆಳ್ಳಗೆ ಮಾಡುತ್ತದೆ, ಮಿದುಳು ಊದಿಕೊಳ್ಳುತ್ತದೆ. ಉಪ್ಪನ್ನು ವಾಪಸು ಕೊಡಬೇಕು, ಆದರೆ ಹನಿ ಹನಿಯಾಗಿ. ಅವಸರ ಮಾಡಿದರೆ ಅದರಿಂದಲೂ ಮಿದುಳಿಗೆ ಪೆಟ್ಟು.

“ಬದುಕುತ್ತಾ?” ಅತ್ತೆ ಕೇಳಿದಳು.

“ಈಗಲೇ ಏನೂ ಹೇಳೋಕಾಗಲ್ಲ ಅಮ್ಮ. ಅದು ಉಚ್ಚೆ ಹೊಯ್ಯೋಕೆ ಶುರು ಮಾಡಿದ್ರೆ ಅರ್ಧ ಗೆದ್ದ ಹಾಗೆ. ಬಾಟಲಿ ನೀರು ಏನಾದ್ರೂ ಕುಡಿಸಿದ್ರಾ?”

“ಇಲ್ಲ.”

“ಒಳ್ಳೇದಾಯ್ತು. ಕುಡಿಸಿದ್ರೆ ಇಲ್ಲಿವರೆಗೂ ಬರ್ತಿರಲಿಲ್ಲ.”

ಅತ್ತೆ ಸೊಸೆಯ ಮುಖ ನೋಡಲಿಲ್ಲ. ಗೋಡೆಯ ಮೇಲಿದ್ದ ಹಸುವಿನ ಹಲ್ಲುಗಳ ಪಟ ನೋಡುತ್ತ ನಿಂತಳು.

ಸೊಸೆ ಕಿತ್ತಳೆ ಕೋಟನ್ನು ಮಡಚಿ ಕಸದ ಡಬ್ಬಿಯ ಹತ್ತಿರ ಒಯ್ದಳು. ಡಾಕ್ಟರು ತಡೆದರು.

“ಅದನ್ನ ಯಾಕೆ ಬಿಸಾಕ್ತೀರಿ? ಚೆನ್ನಾಗಿ ಹೊಲಿದಿದೀರಿ. ಮುಳುಗಿಸದೆ ಇರೋದು ಅದರ ಕೆಲಸ, ಅದು ಮಾಡಿದೆ. ಸಾಕು ಅಂತ ಹೇಳೋದು ನಿಮ್ಮ ಕೆಲಸ. ಇಂಥ ನಾಯಿಗಳು ತಾವಾಗಿ ಹೇಳಲ್ಲ. ನೀವು ಕೇಳ್ತಾ ಹೋದ್ರೆ ಅವು ಕೊಡ್ತಾ ಹೋಗ್ತವೆ. ಪ್ರೀತಿ ಇದೆ ನೋಡಿ, ಅದಕ್ಕೆ.”

ಆ ಮಾತು ಸೊಸೆಯ ಎದೆಯಲ್ಲಿ ಎಲ್ಲೋ ಹೋಗಿ ನಾಟಿತು. ಅವಳಿಗೆ ಇದ್ದಕ್ಕಿದ್ದಂತೆ ತನ್ನ ಮೇಲೆಯೇ ಕನಿಕರ ಉಕ್ಕಿ ಬಂತು. ನಾಯಿ ಸಾವಿನ ಬಾಯಲ್ಲಿರುವಾಗ ನನ್ನ ಚಿಂತೆ ನನಗೆ ಎಂದು ಮರುಕ್ಷಣ ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ದೊರೆಯ ಕಾಲು ಸವರತೊಡಗಿದಳು.

ಬೆಂಚಿನ ಮೇಲೆ ಇಬ್ಬರೂ ಕಾದರು. ಹೊರಗೆ ಡಾಕ್ಟರು ಬಿಟ್ಟು ಬಂದ ಪೈಪಿನಿಂದ ನೀರು ಅಂಗಳದ ತುಂಬ ಹರಿಯುತ್ತಿತ್ತು. ಸೊಸೆ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದಳು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ” ಎಂದಳು ಅತ್ತೆ. “ರೋಗ ನನ್ನ ಕೈಗೆ. ಬರೆ ಬಿದ್ದದ್ದು ಆ ಮೂಕಪ್ರಾಣಿಗೆ.” ಬಲಗೈಯನ್ನು ಎಡಗೈಯಿಂದ ಎತ್ತಿ, ಬೇರೆಯವರ ವಸ್ತುವಿನಂತೆ ಮಡಿಲಲ್ಲಿಟ್ಟುಕೊಂಡಳು. “ನೀನು ನೋಡಿದ್ದೆ ಅಲ್ವಾ, ಅದು ಸೋತಿದ್ದು?”

“ನೋಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

ಸೊಸೆಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. “ನಿಮಗೆ ಹೇಳಿ ಅಭ್ಯಾಸ ಇಲ್ಲ ಅತ್ತೆ.”

ಅತ್ತೆ ತಲೆ ತಗ್ಗಿಸಿದಳು. ಸಿಟ್ಟಾಗಿರಬೇಕು ಎಂದುಕೊಂಡಳು ಸೊಸೆ. ಓರೆಗಣ್ಣಲ್ಲಿ ನೋಡಿದರೆ ಮುದುಕಿ ಅಳುತ್ತಿದ್ದಳು, ಮುಖ ಒರೆಸಿಕೊಳ್ಳದೆ.

ದೀಪ ಹಾಕುವ ಹೊತ್ತಿಗೆ ಒಳಗಿನಿಂದ ಡಾಕ್ಟರ ಕೂಗು ಕೇಳಿತು. ಇಬ್ಬರೂ ಜೀವ ಕೈಯಲ್ಲಿ ಹಿಡಿದು ಓಡಿದರು. ದೊರೆ ಮೇಜಿನ ಮೇಲಿಂದಲೇ ಧಾರಾಳವಾಗಿ ಉಚ್ಚೆ ಹೊಯ್ಯುತ್ತಿತ್ತು, ಕೆಳಗೆ ಡಾಕ್ಟರ ಚಪ್ಪಲಿಗಳಿದ್ದವು. “ಹೊಯ್ಯಪ್ಪಾ ಹೊಯ್ಯಿ, ಮಹಾರಾಜ!” ಎನ್ನುತ್ತಿದ್ದರು ಅವರು. ಪೂರ್ತಿ ಮುಗಿಸಿದ ಮೇಲೆ ದೊರೆ ಒಂದು ಕಣ್ಣು ತೆರೆದು ಮೂವರನ್ನೂ ನೋಡಿತು, ಮತ್ತೆ ಮುಚ್ಚಿಕೊಂಡಿತು. ಹಳೆಯ ನೋಟವೇ. ಅತ್ತೆ ಮೇಜಿನತ್ತ ಬಾಗಿದಳು. ಬೀಳದಿರಲು ಅವಳು ಹಿಡಿದುಕೊಂಡದ್ದು ಸೊಸೆಯ ಭುಜವನ್ನು, ಹಿಡಿದದ್ದು ಬಲಗೈಯಲ್ಲಿ.

ನಾಯಿ ಗುಣವಾಯಿತು. ಹಲ್ಲಿನ ಡಾಕ್ಟರರ ಸೋಫಾಕ್ಕೆ ಸೊಸೆ ಮತ್ತೊಂದು ಹೊದಿಕೆ ಹೊಲಿದಳು. ಆದರೆ ಅತ್ತೆ ಮತ್ತೆ ಎಸೆಯಲಿಲ್ಲ. ದೊರೆ ದಿನವೂ ಏನಾದರೊಂದನ್ನು ಕಚ್ಚಿ ತಂದು ಪಾದದ ಬಳಿ ಇಡುವುದು, ಅವಳು ಮುಖ ತಿರುಗಿಸುವುದು. ಕೈ ಮತ್ತೆ ಬಿಗಿಯತೊಡಗಿತು. ಸಕ್ಕರೆ ಡಬ್ಬ ಕೆಳಗಿನ ಗೂಡಿಗೆ ಇಳಿಯಿತು. ಫಿಸಿಯೋ ಹುಡುಗಿ ಗದರಿದರೂ ಕೇಳಲಿಲ್ಲ. “ಈ ಕೈ ನಂಬೋ ಕೈ ಅಲ್ಲ” ಎನ್ನುತ್ತಿದ್ದಳು.

ನೀರು ನುಂಗದ ಹಾಗೆ ನಾಯಿಯನ್ನು ಆಡಿಸುವುದು ಹೇಗೆ ಎಂದು ಸೊಸೆ ಪ್ರಾಣಿಗಳ ಡಾಕ್ಟರನ್ನು ಮತ್ತೆ ಹೋಗಿ ಕೇಳಿದಳು. ಬಂದು ಬಿಳಿ ಹೊದಿಕೆಯ ಕಲೆಯಿಲ್ಲದ ತುಂಡುಗಳಿಂದ ರೊಟ್ಟಿಯಷ್ಟು ತೆಳ್ಳಗಿನ, ಚಪ್ಪಟೆಯಾದ ಬಿಲ್ಲೆಯೊಂದನ್ನು ಹೊಲಿದಳು. ಕಚ್ಚಿದರೆ ಬಾಯಿ ಮುಚ್ಚುವಂತಿತ್ತು. ಅತ್ತೆಯ ಕೈಗಿತ್ತು, “ಕೆಲವೇ ಸಲ ಎಸೀರಿ. ಆಮೇಲೆ ನೆರಳಲ್ಲಿ ಕೂರಿಸೋಣ. ಆಮೇಲೆ ಬೇಕಿದ್ರೆ ಮತ್ತೆ ಕೆಲವು ಸಲ” ಎಂದಳು. “ಲೆಕ್ಕ ತಪ್ಪಿದ್ರೆ ನಾನೇ ಹೇಳ್ತೀನಿ.”

“ಹೇಳ್ತೀಯಾ?”

“ಹೇಳ್ತೀನಿ.”

ಕೆರೆಯ ಇಳಿಜಾರಿನಲ್ಲಿ ಅತ್ತೆ ಬಿಲ್ಲೆಯನ್ನು ಹಿಡಿದು ಬಹಳ ಹೊತ್ತು ನಿಂತಳು. ದೊರೆ ಕಿತ್ತಳೆ ಕೋಟು ತೊಟ್ಟು ಅವಳ ಕೈಯನ್ನೇ ನೋಡುತ್ತಿತ್ತು, ಏನೂ ಆಗಿಯೇ ಇಲ್ಲವೆಂಬಂತೆ. ನಾಯಿಗಳ ಈ ಮರೆವು ಮನುಷ್ಯರಿಗೆ ಎಷ್ಟು ದೊಡ್ಡ ಉಪಕಾರ! ಅತ್ತೆ ಎಸೆದಳು. ಹತ್ತಿರದಲ್ಲೇ ಬಿತ್ತು. ಎರಡನೆಯದು ಸ್ವಲ್ಪ ದೂರ. ಇನ್ನೂ ಒಂದೆರಡು. ನಾಯಿ ಮತ್ತೆ ತಂದು ಇಟ್ಟು, ಬಾಲ ಬೀಸಿತು. ಅತ್ತೆಯ ಕೈ ಬಿಲ್ಲೆಯತ್ತ ಹೋಯಿತು, ಹೋಗಿ ನಿಂತಿತು. ಸೊಸೆ ಹೇಳಲು ಬಾಯಿ ತೆರೆದಳು.

“ಸಾಕು” ಎಂದಳು ಅತ್ತೆ.

ಹೊಸ ಮಾತು ಕಲಿತ ಮಗುವಿನ ಹಾಗೆ ಇನ್ನೊಮ್ಮೆ ಹೇಳಿದಳು. “ಸಾಕು ದೊರೆ. ಬಾ, ಮಲಗು.”

ದೊರೆ ಸ್ವಲ್ಪ ಹೊತ್ತು ನಂಬದೆ ನಿಂತು, ಆಮೇಲೆ ಮರದ ನೆರಳಿಗೆ ಬಂದು ಹಾಸಿದ ಚಾಪೆಯ ಮೇಲೆ ಧೊಪ್ಪನೆ ಬಿತ್ತು. ಸೊಸೆ ಅದರ ಮೈ ಒರೆಸಿದಳು, ಕೋಟಿನ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದಳು, ಎರಡೂ ಸಲೀಸಾಗಿ ಹೋದವು. ಅತ್ತೆಗೆ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು. ಊರುಗೋಲಿಗೆ ಮೆತ್ತಿದ ಕೆಸರು ಒರೆಸಿದಳು. ಆಮೇಲೆ ಚೀಲದಿಂದ ಅರ್ಧ ಹೊಲಿದ ದಿಂಬು ತೆಗೆದು, ಸೂಜಿಗೆ ದಾರ ಪೋಣಿಸತೊಡಗಿದಳು.

ಅತ್ತೆ ಚಹಾ ಒಂದು ಗುಟುಕು ಕುಡಿದಳು. ಸೊಸೆ ಕಾದಳು, ಇನ್ನೊಂಚೂರು ಸಕ್ಕರೆ ಬೇಕೆನ್ನುತ್ತಾಳೆ ಎಂದು.

ಮುದುಕಿ ಲೋಟ ಕೆಳಗಿಟ್ಟು, ಬಲಗೈಯನ್ನು ಚಾಚಿ, ಸೊಸೆಯ ಬೆರಳುಗಳ ನಡುವಿನಿಂದ ಸೂಜಿಯನ್ನು ತೆಗೆದುಕೊಂಡಳು. ಎರಡು ಸಲ ಜಾರಿತು, ಮೂರನೆಯ ಸಲ ಸಿಕ್ಕಿತು. ಅದನ್ನು ತನ್ನ ಸೆರಗಿನ ಅಂಚಿಗೆ ಚುಚ್ಚಿಕೊಂಡಳು.

“ನಿನಗೂ ಹೇಳಿದ್ದು” ಎಂದಳು. “ಸಾಕು. ಕೂತ್ಕೋ.”

ಸೊಸೆ ಕೂತಳು. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊರೆಯ ಒದ್ದೆ ಬೆನ್ನಿನ ಮೇಲೆ ಇಟ್ಟು, ನೀರನ್ನು ನೋಡಿದಳು.